ಹಂದಿ ರೂಪಾಯಿಗೆ ಹತ್ತು ಲಕ್ಷ ಬರುತ್ತಾ?

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಜಾರ್ಜ್ ರಾಜನ ಬೆಳ್ಳಿ ರೂಪಾಯಿ ಸಿಕ್ಕಿದೆ. ಇದು ‘ಹಂದಿ ರೂಪಾಯಿ’, ಹತ್ತು ಲಕ್ಷ ಬರುತ್ತೆ ಅಂತಾರೆ. ಎಲ್ಲಿ ಮಾರಬೇಕು?

ಮುಂಬೈ ಕಡೆಯ ಮಾಟುಂಗಾದವರು, ಡೊಂಬಿವಲಿಯವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ಇಸವಿ ನೋಡಿ. 1911 ಅಂತ ಇದ್ದರೆ ಮಾತ್ರ ಹಂದಿ ರೂಪಾಯಿ. ರಾಜನ ಮೇಲಂಗಿಯ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸ್ಲಿಮರಿಗೆ ನೋವಾಯಿತು, ಗದ್ದಲವೆದ್ದಿತು, ಸರ್ಕಾರ ನಾಣ್ಯ ವಾಪಸ್ ಪಡೆಯಿತು. 1912ರಿಂದ ಆನೆ ಆನೆಯಂತೆಯೇ ಇದೆ. ನನಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು 1917, 1918ರವು!

ಇನ್ನು ಆ ಹತ್ತು ಲಕ್ಷ. ‘ಎಲ್ಲ ಕರಗಿಸಿದರು, ನಾಲ್ಕೈದು ಮಾತ್ರ ಉಳಿದಿವೆ’ ಅನ್ನುವುದು ಶುದ್ಧ ಸುಳ್ಳು. ಟಂಕಿಸಿದ್ದು ಸುಮಾರು 94 ಲಕ್ಷ. ಅದರಲ್ಲಿ 7 ಲಕ್ಷದಷ್ಟು ಜನರ ಕೈಗೆ ಹೋಗಿತ್ತು. ಕರಗಿದ್ದು ಹೆಚ್ಚಾಗಿ ಹೊರಗೇ ಬಾರದ ರಾಶಿ. ಆದ್ದರಿಂದ ಇವತ್ತಿಗೂ ಮಾರಾಟಕ್ಕೆ ಸಿಗುತ್ತದೆ. ಸವೆದ ನಾಣ್ಯಕ್ಕೆ ಕೆಲವು ಸಾವಿರ ರೂಪಾಯಿ, ಅಷ್ಟೇ. ವೀಡಿಯೊದಲ್ಲಿ ಕೂಗುವ ಬೆಲೆ ಮಾರುವವನ ಆಸೆ. ಆ ಬೆಲೆಗೆ ಕೊಂಡವರು ಯಾರು ಅಂತ ಕೇಳಿ ನೋಡಿ, ಉತ್ತರ ಬರುವುದಿಲ್ಲ. ‘ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಳಿಸಿ’ ಅಂದರೆ ಫೋನ್ ಇಟ್ಟುಬಿಡಿ. ಹಳೆ ನಾಣ್ಯದ ವ್ಯಾಪಾರ ನಾವು ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಇಷ್ಟಾದರೂ ದುಡ್ಡು ಕಳಕೊಳ್ಳುವವರು ಇದ್ದಾರಲ್ಲ, ಅದು ನನಗೆ ನಿಜಕ್ಕೂ ಸಂಕಟ.

ಮಾರುವ ಮೊದಲು ತೂಕ ಮಾಡಿಸಿ. ಅಸಲಿ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ.

ಹಿಂಬದಿಯಲ್ಲಿ ಕೆಳಗಿರುವ ಕಮಲದ ಅಡಿ ಸಣ್ಣ ಚುಕ್ಕೆ ಇದ್ದರೆ ಅದು ನಮ್ಮ ಮುಂಬೈ ಟಂಕಸಾಲೆಯದ್ದು. ಇಲ್ಲದಿದ್ದರೆ ಕಲ್ಕತ್ತಾದ್ದು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಫೋರ್ಟಿನ ಈ ಟಂಕಸಾಲೆ ಬೇರೆ ದೇಶದ ನಾಣ್ಯವನ್ನೂ ಹೊಡೆದಿದೆ. 1918ರಲ್ಲಿ ಬ್ರಿಟನ್ನಿನ ಚಿನ್ನದ ಸಾವರಿನ್. ಅದರ ಮೇಲೆ ಇಂಗ್ಲಿಷಿನ ‘ಐ’ (I) ಅಕ್ಷರದ ಪುಟ್ಟ ಗುರುತು ಇದೆ. 1940ರ ಹೊತ್ತಿಗೆ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಬೆಳ್ಳಿ ಥಾಲರ್. ರಾಣಿ ಸತ್ತದ್ದು 1780ರಲ್ಲಿ. ಇಥಿಯೋಪಿಯಾ, ಅರೇಬಿಯಾ ಕಡೆಯ ವ್ಯಾಪಾರಿಗಳಿಗೆ ಆ ಮುಖದ ಮೇಲೇ ನಂಬಿಕೆ. ಹಾಗಾಗಿ ಮುಂಬೈಯಲ್ಲಿ ಹೊಡೆದ ನಾಣ್ಯದ ಮೇಲೂ ಇಸವಿ 1780 ಅಂತಲೇ ಇದೆ.