ಇಪ್ಪತ್ತಾರು ದೇಶಗಳು ಒಪ್ಪಿದರೂ ಒಂದು ದೇಶ ತಡೆಯಬಹುದೇ?

ಪ್ರಶ್ನೆ: ಯುರೋಪಿಯನ್ ಒಕ್ಕೂಟಕ್ಕೆ ಸಂಸತ್ತು, ನ್ಯಾಯಾಲಯ, ನಾಣ್ಯ ಎಲ್ಲವೂ ಇವೆ. ಆದರೂ ಒಂದೇ ಸದಸ್ಯ ದೇಶ ಅಡ್ಡಗಾಲು ಹಾಕಿದರೆ ಕೆಲಸ ನಿಂತುಹೋಗುತ್ತದೆ. ಇದು ಒಂದು ದೇಶವೋ, ದೇಶಗಳ ಸಂಘವೋ?

ಉತ್ತರ: ಅರ್ಧ ಅದು, ಅರ್ಧ ಇದು. ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

1941ರಲ್ಲಿ, ಮುಸೊಲಿನಿಯ ಆಡಳಿತ ವೆಂಟೊಟೆನೆ ದ್ವೀಪದಲ್ಲಿ ಕೂಡಿಹಾಕಿದ್ದ ಅಲ್ತಿಯೆರೊ ಸ್ಪಿನೆಲ್ಲಿ ಮತ್ತು ಸಂಗಡಿಗರು ಒಂದು ಪ್ರಣಾಳಿಕೆ ಬರೆದರು. ರಾಷ್ಟ್ರಗಳ ಸಾರ್ವಭೌಮತ್ವಕ್ಕೆ ಕಡಿವಾಣ ಬೀಳದೆ ಯುದ್ಧ ತಪ್ಪದು, ಯುರೋಪಿಗೆ ಒಂದು ಸಂಯುಕ್ತ ಸರ್ಕಾರ ಬೇಕು ಎಂಬುದು ಅವರ ವಾದ. ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅವರದು ಇದಕ್ಕೆ ತದ್ವಿರುದ್ಧ ನಿಲುವು: ರಾಷ್ಟ್ರಗಳು ಕೂಡಿ ನಡೆಯಲಿ, ಕೊನೆಯ ಮಾತು ಮಾತ್ರ ರಾಷ್ಟ್ರದ್ದೇ. 1965ರಲ್ಲಿ ಬಹುಮತದ ನಿರ್ಧಾರ ಮತ್ತು ಕೃಷಿ ವೆಚ್ಚದ ವಿಷಯಕ್ಕೆ ಮುನಿದ ಅವರು ಯುರೋಪಿಯನ್ ಸಮುದಾಯದ (ಇಂದಿನ ಒಕ್ಕೂಟದ ಪೂರ್ವರೂಪ, ಆಗ ಆರು ದೇಶಗಳದು) ಬ್ರಸೆಲ್ಸ್ ಸಭೆಗಳಿಗೆ ತಮ್ಮ ಸಚಿವರನ್ನು ಕಳಿಸುವುದನ್ನೇ ನಿಲ್ಲಿಸಿದರು. 1966ರ ಜನವರಿಯಲ್ಲಿ ಲಕ್ಸೆಂಬರ್ಗ್‌ನಲ್ಲಿ ರಾಜಿಯಾಯಿತು. ರಾಜಿ ಎನ್ನುವುದೂ ದೊಡ್ಡ ಮಾತೇ! ಬಹುಮುಖ್ಯ ಹಿತದ ಪ್ರಶ್ನೆ ಬಂದಾಗ ಒಮ್ಮತವೇ ಬೇಕೆಂದು ಫ್ರಾನ್ಸ್ ಪಟ್ಟು ಹಿಡಿಯಿತು, ಉಳಿದ ಐದು ದೇಶಗಳು ಒಪ್ಪಲಿಲ್ಲ. ಭಿನ್ನಾಭಿಪ್ರಾಯವಿದೆ ಎಂದೇ ಬರೆದಿಟ್ಟು ಎಲ್ಲರೂ ಕೆಲಸಕ್ಕೆ ಮರಳಿದರು.

ಸ್ಪಿನೆಲ್ಲಿಯಂಥ ಒಕ್ಕೂಟವಾದಿಗಳಿಗೆ ದೊಡ್ಡ ಗೆಲುವು ಸಿಕ್ಕಿದ್ದು ಒಂದು ಕರೆಂಟ್ ಬಿಲ್ಲಿನಿಂದ. ಇಟಲಿ ತನ್ನ ವಿದ್ಯುತ್ ಕಂಪನಿಗಳನ್ನು ರಾಷ್ಟ್ರೀಕರಿಸಿದ್ದನ್ನು ವಿರೋಧಿಸಿ ಮಿಲಾನಿನ ವಕೀಲ ಫ್ಲಮಿನಿಯೊ ಕೊಸ್ತಾ 1,925 ಲೀರಾ ಕಟ್ಟಲು ನಿರಾಕರಿಸಿದರು. ವ್ಯಾಜ್ಯ ಯುರೋಪಿನ ನ್ಯಾಯಾಲಯದವರೆಗೂ ಹೋಯಿತು. ಸಮುದಾಯದ ಕಾನೂನಿಗೂ ದೇಶದ ಕಾನೂನಿಗೂ ತಾಕಲಾಟವಾದರೆ ಮೊದಲನೆಯದೇ ಮೇಲು ಎಂದು 1964ರಲ್ಲಿ ಅದು ಸಾರಿತು. ಸಮುದಾಯವನ್ನು ಕಟ್ಟಿದ ಒಪ್ಪಂದದಲ್ಲಿ ಹಾಗೆಂದು ಎಲ್ಲೂ ಬರೆದಿರಲಿಲ್ಲ. ಜನರ ಮತ ಕೇಳಿದ್ದರೆ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಯುರೋಪಿಗೆ ‘ಸಂವಿಧಾನ’ ಕೊಡಹೊರಟಾಗ, 2005ರಲ್ಲಿ, ಫ್ರಾನ್ಸ್ ಮತ್ತು ನೆದರ್‌ಲೆಂಡ್ಸ್‌ನ ಮತದಾರರು ಬೇಡವೆಂದೇ ಹೇಳಿದರು.

ಹೀಗಾಗಿ ಇಂದು ಮಾರುಕಟ್ಟೆ, ಕೃಷಿ, ಪರಿಸರದಂಥ ವಿಷಯಗಳಲ್ಲಿ ಶೇ 55ರಷ್ಟು ದೇಶಗಳು ಒಪ್ಪಿ, ಆ ದೇಶಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನರಿದ್ದರೆ ಸಾಕು. ವಿದೇಶಾಂಗ ನೀತಿ, ತೆರಿಗೆ, ಹೊಸ ಸದಸ್ಯರ ಸೇರ್ಪಡೆಗೆ ಸಾಮಾನ್ಯವಾಗಿ ಸರ್ವಾನುಮತ ಬೇಕು. ವೀಟೊ, ಅಂದರೆ ಒಂದೇ ದೇಶ ತಡೆಯುವ ಅಧಿಕಾರ, ಉಳಿದಿರುವುದು ಇಲ್ಲಿ.

ಅದನ್ನು ದಾಟುವ ಉಪಾಯಗಳೂ ಇವೆ. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಜತೆ ಸದಸ್ಯತ್ವದ ಮಾತುಕತೆಗೆ ಹಂಗೇರಿಯ ಅಂದಿನ ಪ್ರಧಾನಿ ವಿಕ್ಟರ್ ಓರ್ಬಾನ್ ಅವರ ವಿರೋಧವಿತ್ತು. ಮತದ ಹೊತ್ತಿಗೆ ಅವರು ಕೋಣೆಯಿಂದ ಹೊರನಡೆದರು, ಉಳಿದ 26 ನಾಯಕರು ನಿರ್ಧಾರ ಕೈಗೊಂಡರು. ಆದರೆ ಅದೇ ರಾತ್ರಿ ಉಕ್ರೇನಿಗೆ 5,000 ಕೋಟಿ ಯುರೋ ನೆರವಿನ ಪ್ರಸ್ತಾವ ಬಂದಾಗ ಅವರು ಕದಲದೆ ತಡೆಹಾಕಿದರು. ಆ ಹಣಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರುವರಿ 1ರಂದು.