ಕಡಲು ಇಳಿಯಲಿಲ್ಲ, ನೆಲವೇ ಏರಿತು

ಫಿನ್ಲೆಂಡಿನ ಪಶ್ಚಿಮ ತೀರದ ಕ್ವಾರ್ಕೆನ್‌ನಲ್ಲಿ ಸಾವಿರಾರು ಪುಟ್ಟ ದ್ವೀಪಗಳಿವೆ. ಎಷ್ಟೋ ದ್ವೀಪಗಳಲ್ಲಿ ಒಂದು ಮರದ ಮನೆ, ಪಕ್ಕದಲ್ಲಿ ಸೌನಾ ಎಂಬ ಬಿಸಿಹಬೆ ಸ್ನಾನದ ಕೋಣೆ, ನೀರಿಗೆ ಚಾಚಿದ ಹಲಗೆಕಟ್ಟೆ. ಬೇಸಿಗೆ ರಜೆಗೆಂದೇ ಕಟ್ಟಿದ್ದು. ಆದರೆ ಅಜ್ಜ ನೀರಿನಂಚಿಗೇ ಕಟ್ಟಿದ, ದೋಣಿ ಇಡುವ ಮನೆ ಮೊಮ್ಮಗನ ಕಾಲಕ್ಕೆ ಹುಲ್ಲಿನ ಮಧ್ಯೆ ನಿಂತಿರುತ್ತದೆ. ತಮಾಷೆ ಏನೆಂದರೆ, ಹೊಸದಾಗಿ ಎದ್ದ ನೆಲ ಮನೆಯವರದ್ದಲ್ಲ! ಅಲ್ಲಿನ ನೀರು ಯಾರದ್ದಾಗಿತ್ತೋ ಅವರದ್ದು, ಸಾಮಾನ್ಯವಾಗಿ ಊರಿನ ಒಟ್ಟು ಆಸ್ತಿ. ನೀರಿನವರೆಗೂ ಜಾಗ ಸ್ವಂತದ್ದಾಗಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಕು.

ನೋಡಿದವರು ಕಡಲು ಹಿಂದೆ ಸರಿಯಿತು ಅಂದುಬಿಡುತ್ತಾರೆ. ಥರ್ಮಾಮೀಟರಿನ ಸೆಲ್ಸಿಯಸ್ ಕೂಡ ಹಾಗೇ ಅಂದುಕೊಂಡಿದ್ದ. ಸೀಲ್‌ಗಳು ಮೈ ಚಾಚುವುದು ನೀರಿನಿಂದ ಸ್ವಲ್ಪವೇ ಮೇಲಿರುವ ಬಂಡೆಗಳ ಮೇಲೆ. ಬೇಟೆಗಾರರು ಬಳಸುತ್ತಿದ್ದ ಅಂಥ ಹಳೆಯ ಬಂಡೆಗಳು ಈಗ ತೀರಾ ಎತ್ತರದಲ್ಲಿರುವುದನ್ನು ಆತ ಗಮನಿಸಿದ. 1731ರಲ್ಲಿ ಸ್ವೀಡನ್ನಿನ ಯೆವ್ಲೆ ಪಟ್ಟಣದ ಹತ್ತಿರ, ಲೋವ್‌ಗ್ರುಂಡ್ ದ್ವೀಪದ ಬಂಡೆಯಲ್ಲಿ ಆಗಿನ ನೀರಿನ ಮಟ್ಟಕ್ಕೆ ಗುರುತು ಕೆತ್ತಲಾಯಿತು. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1834ರಲ್ಲಿ ಅನುಮಾನ ಇಟ್ಟುಕೊಂಡೇ ಬಂದು ನೋಡಿದ. ಗುರುತು ನೀರಿನಿಂದ ಎರಡಡಿಗಿಂತ ಜಾಸ್ತಿ ಮೇಲಿತ್ತು. ಏರುತ್ತಿರುವುದು ನೆಲ ಎಂದು ಒಪ್ಪಿಕೊಂಡ.

ನೀರೇ ಇಳಿಯುತ್ತಿದ್ದರೆ ಎಲ್ಲ ಕಡೆ ಒಂದೇ ಸಮ ಇಳಿಯಬೇಕು, ಅಲ್ವಾ? ಆದರೆ ಕ್ವಾರ್ಕೆನ್‌ನಲ್ಲಿ ನೆಲ ವರ್ಷಕ್ಕೆ 8–9 ಮಿಲಿಮೀಟರ್ ಏರುತ್ತದೆ, ಸ್ವೀಡನ್ನಿನ ದಕ್ಷಿಣ ತುದಿಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಕಡಲು ಒಂದು ಕಡೆ ಇಳಿದು ಇನ್ನೊಂದು ಕಡೆ ಸುಮ್ನೆ ಕೂರುವುದಿಲ್ಲ.

ಕಾರಣ ಸೂಚಿಸಿದವನು ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್, 1865ರಲ್ಲಿ. ಹಿಮಯುಗದಲ್ಲಿ ಇಲ್ಲಿ ಸುಮಾರು 3 ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ನೆಲ ಕುಸಿಯಿತು, ಅಡಿಯ ಕಲ್ಲು ಪಕ್ಕಕ್ಕೆ ಜರುಗಿತು. ಹಿಮ ಕರಗಿ ಸುಮಾರು ಹತ್ತು ಸಾವಿರ ವರ್ಷವಾದರೂ ಆ ಕಲ್ಲು ಇನ್ನೂ ವಾಪಸ್ ಬರುತ್ತಲೇ ಇದೆ.

‘ಕಲ್ಲು’ ಎಂದೇ ಬರೆದೆ, ಲಾವಾ ಅಲ್ಲ. ಭೂಮಿಯೊಳಗೆಲ್ಲ ಕುದಿಯುವ ಲಾವಾ ಎಂದು ಹೇಳುವ ಯೂಟ್ಯೂಬ್ ಪಂಡಿತರನ್ನು ಕಂಡರೆ ನನಗೆ ರೇಗುತ್ತದೆ. ಭೂಕಂಪದ ಅಲೆಗಳಲ್ಲಿ ಅಡ್ಡಡ್ಡ ಅಲುಗಾಡಿಸುತ್ತಾ ಸಾಗುವ ಒಂದು ಬಗೆ ಇದೆ. ದ್ರವದೊಳಗೆ ಅದು ಹೋಗುವುದೇ ಇಲ್ಲ. ಆದರೆ ಭೂಮಿಯ ಹೊರ ಚಿಪ್ಪಿನ ಕೆಳಗಿರುವ ದಪ್ಪ ಪದರ ಮ್ಯಾಂಟಲ್‌ನಲ್ಲಿ ಸರಾಗವಾಗಿ ಹೋಗುತ್ತದೆ. ಅಂದರೆ ಮ್ಯಾಂಟಲ್ ಗಟ್ಟಿ ಕಲ್ಲೇ. ಆದರೆ ಆ ಬಿಸಿ, ಆ ಒತ್ತಡದಲ್ಲಿ ಸಾವಿರಾರು ವರ್ಷ ಸಮಯ ಕೊಟ್ಟರೆ ಗಟ್ಟಿ ಕಲ್ಲೂ ಹರಿಯುತ್ತದೆ. ಗಟ್ಟಿಯಾದ ಜೋನಿಬೆಲ್ಲಕ್ಕೆ ಬೆರಳು ಒತ್ತಿ ತೆಗೆದರೆ ಗುಳಿ ಎಷ್ಟು ಹೊತ್ತಿಗೆ ತುಂಬುತ್ತದೆ, ನೆನಪಿಸಿಕೊಳ್ಳಿ.

ಈಗ ಲೆಕ್ಕಕ್ಕೆ ಇನ್ನೊಂದು ಸೇರಿದೆ. ಭೂಮಿ ಬಿಸಿಯಾಗಿ ಕಡಲ ಮಟ್ಟ ಸರಾಸರಿ ವರ್ಷಕ್ಕೆ 3–4 ಮಿಲಿಮೀಟರ್ ಏರುತ್ತಿದೆ. ಕ್ವಾರ್ಕೆನ್‌ನಲ್ಲಿ ನೆಲ ಇನ್ನೂ ಗೆಲ್ಲುತ್ತಿದೆ, ಆದರೆ ಮೊದಲಿನಷ್ಟು ಅಂತರದಿಂದಲ್ಲ.