ಐದು ಮಿಲಿ ರಕ್ತ ಹೋಗುವ ದಾರಿ

"ಅಲ್ಲಪ್ಪಾ, ಒಬ್ಬನ ರಕ್ತದ ಬದಲು ಇನ್ನೊಬ್ಬರ ರಕ್ತ ಇಡೋದು ಅಷ್ಟು ಸುಲಭಾನಾ?" 2024ರ ಮೇ ಕೊನೆಯಲ್ಲಿ, ಪುಣೆಯ ಕಾರು ಅಪಘಾತದ ಕೇಸಿನಲ್ಲಿ ಹುಡುಗನ ರಕ್ತವನ್ನೇ ಬದಲಾಯಿಸಿದರು ಅನ್ನುವ ಸುದ್ದಿ ಕೇಳಿ, ನಮ್ಮೂರಿನ ಅಣ್ಣ ಒಬ್ಬರು ಹೀಗೆ ಕೇಳಿದರು. ಸಾಯನ್‌ನಲ್ಲಿದ್ದು ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ರಾತ್ರಿ ನಾಕಾಬಂದಿಯಲ್ಲಿ ಎಷ್ಟು ಸಲ ಕುಡಿತ ಪತ್ತೆ ಮಾಡುವ ಮಷೀನ್‌ಗೆ ಊದಿದ್ದಾರೋ ಲೆಕ್ಕ ಇಲ್ಲ. ಅಂಕಿ 30 ದಾಟಿದರೆ ಅವರ ಅನ್ನವೇ ಹೋಗುತ್ತದೆ. ಅವರ ಪ್ರಶ್ನೆಯನ್ನು ಸುಮ್ನೆ ಬಿಡೋಕೆ ನನಗೆ ಆಗಲಿಲ್ಲ.

ಮುಂಬೈಯಲ್ಲಿ ಈ ಕಥೆ ಕಾರಿನಿಂದ ಅಲ್ಲ, ಪಾನನಿಷೇಧದಿಂದ ಶುರುವಾಗುತ್ತದೆ. 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಕೇಸುಗಳಲ್ಲಿ ಕುಡಿದಿದ್ದಾನೆ ಅಂತ ಸಾಬೀತು ಮಾಡೋದು ಹೇಗೆ? ಬಾಯಿ ವಾಸನೆ, ತೂರಾಡುವ ನಡಿಗೆ ಸಾಲವು. ಅದಕ್ಕೇ 1959ರಲ್ಲಿ ರಕ್ತ ಪರೀಕ್ಷೆಗೆ ನಿಯಮಗಳು ಬಂದವು. ಓದಿದರೆ ಆಶ್ಚರ್ಯವಾಗುತ್ತದೆ, ಅಷ್ಟು ಸೂಕ್ಷ್ಮವಾಗಿವೆ. ಸಿರಿಂಜನ್ನು ಕುದಿಯುವ ನೀರಲ್ಲಿ ಹಾಕಿರಬೇಕು. ತೋಳು ಒರೆಸಲು ಸ್ಪಿರಿಟ್ ಬಳಸುವಂತಿಲ್ಲ, ಅದರಲ್ಲೂ ಆಲ್ಕೋಹಾಲ್ ಇದೆಯಲ್ವಾ! ಕನಿಷ್ಠ 5 ಮಿಲಿ ರಕ್ತ ತೆಗೆಯಬೇಕು. ಹೆಪ್ಪುಗಟ್ಟದಂತೆ, ಕೆಡದಂತೆ ತಡೆಯುವ ಪುಡಿ ಇರುವ ಸೀಸೆಗೆ ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು. ಚೀಟಿ ಅಂಟಿಸಿ, ಡಾಕ್ಟರು ತಮ್ಮ ಸೀಲು ಒತ್ತಬೇಕು. ಅದೇ ಸೀಲಿನ ಗುರುತು ಜೊತೆಗಿನ ಕಾಗದದ ಮೇಲೂ ಇರಬೇಕು. ಏಳು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ರಕ್ತಕ್ಕಿಂತ ಅದು ಹೋಗುವ ದಾರಿಯನ್ನು ಕಾಯೋದೇ ದೊಡ್ಡ ಕೆಲಸ ಅಂತ ಆ ನಿಯಮ ಬರೆದವರಿಗೆ ಗೊತ್ತಿತ್ತು.

1988ರ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಮಿತಿ ಹಾಕಿತು: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಬಂಧಿಸಿದ ಎರಡು ಗಂಟೆಯೊಳಗೆ ಪರೀಕ್ಷೆ ಆಗಬೇಕು ಅಂತಲೂ ಹೇಳಿತು. ನನಗೆ ಚುಚ್ಚುವ ಮಾತು ಇಲ್ಲೇ ಇದೆ. ಆ ಎರಡು ಗಂಟೆಯ ಲೆಕ್ಕ ಬಂಧನದಿಂದ ಶುರುವಾಗುತ್ತದೆ, ಅಪಘಾತದಿಂದ ಅಲ್ಲ. ನಮ್ಮ ಮೈ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಆಲ್ಕೋಹಾಲನ್ನು ಕರಗಿಸುತ್ತಾ ಹೋಗುತ್ತದೆ. ರಾತ್ರಿ ಎರಡೂವರೆಗೆ 120 ಇದ್ದವನು ಬೆಳಿಗ್ಗೆ ಒಂಬತ್ತಕ್ಕೆ 30ರ ಕೆಳಗೆ ಬಂದಿರುತ್ತಾನೆ. ಅಂದರೆ ಓಡಿ ಹೋದವನಿಗೇ ಲಾಭ. 2024ರ ಜುಲೈಯಲ್ಲಿ ವರ್ಲಿಯಲ್ಲಿ ಕಾರು ಗುದ್ದಿ ಸ್ಕೂಟರಿನಲ್ಲಿದ್ದ ಮಹಿಳೆ ಸತ್ತರು. ಆರೋಪಿ ಸಿಕ್ಕಿದ್ದು ಎರಡು ದಿನ ಬಿಟ್ಟು. ಅವನ ರಕ್ತದಲ್ಲಿ ಏನೂ ಸಿಗಲಿಲ್ಲ.

ದಾರಿ ಗಟ್ಟಿಯಾಗಿದ್ದರೆ ಏನಾಗುತ್ತದೆ ಅನ್ನೋದಕ್ಕೂ ಇದೇ ಊರಲ್ಲಿ ಸಾಕ್ಷಿ ಇದೆ. 2006ರ ನವೆಂಬರ್‌ನಲ್ಲಿ ಬಾಂದ್ರಾದ ಕಾರ್ಟರ್ ರೋಡಿನ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಜನ ಕೂಲಿಕಾರರು ಕಾರಿಗೆ ಸಿಕ್ಕಿ ಸತ್ತರು. ಚಾಲಕನ ರಕ್ತದಲ್ಲಿ 0.112 ಶೇಕಡಾ, ಅಂದರೆ 100 ಮಿಲಿಗೆ 112 ಮಿಲಿಗ್ರಾಂ ಆಲ್ಕೋಹಾಲ್ ಇತ್ತು. ಆ ವರದಿ ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತಿತು. 2012ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಸಲ್ಮಾನ್ ಖಾನ್ ಕೇಸಿನಲ್ಲಿ ಹಾಗಾಗಲಿಲ್ಲ. 2002ರ ಸೆಪ್ಟೆಂಬರ್ 28ರ ಬೆಳಗಿನ ಜಾವ ಅಪಘಾತ. ರಕ್ತ ತೆಗೆದಿದ್ದು ಮಧ್ಯಾಹ್ನ, ಜೆ.ಜೆ. ಆಸ್ಪತ್ರೆಯಲ್ಲಿ. ಕಲೀನಾದ ಸರ್ಕಾರಿ ವಿಧಿವಿಜ್ಞಾನ ಲ್ಯಾಬ್ 62 ಮಿಲಿಗ್ರಾಂ ಎಂದಿತು. ಆದರೆ ತೆಗೆದದ್ದು 6 ಮಿಲಿ, ಲ್ಯಾಬಿಗೆ ಮುಟ್ಟಿದ್ದು 4 ಮಿಲಿ ಅನ್ನುವ ಪ್ರಶ್ನೆ ಎದ್ದಿತು. 2015ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಈ ಪುರಾವೆಯನ್ನು ನಂಬದೆ ಅವರನ್ನು ಖುಲಾಸೆ ಮಾಡಿತು. ಲ್ಯಾಬಿನ ಯಂತ್ರ ಎಷ್ಟೇ ಒಳ್ಳೆಯದಿರಲಿ, ಸೀಸೆಯ ಲೆಕ್ಕ ತಪ್ಪಿದರೆ ಮುಗಿಯಿತು.

ಇನ್ನು ಅಣ್ಣ ಕೇಳಿದ ಪುಣೆಯ ಸಂಗತಿ. 2024ರ ಮೇ 19ರ ಬೆಳಗಿನ ಜಾವ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರು ಗುದ್ದಿ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರ್‌ಗಳು ಸತ್ತರು. ಕಾರು ಓಡಿಸುತ್ತಿದ್ದದ್ದು 17 ವರ್ಷದ ಹುಡುಗ ಅಂತ ಕೇಸು. ಸಸೂನ್ ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆದು, ಅದರ ಬದಲು ಅವನ ತಾಯಿಯ ರಕ್ತ ಇಟ್ಟರು ಅನ್ನುವುದು ಪೊಲೀಸರ ಆರೋಪ. ಇಬ್ಬರು ಡಾಕ್ಟರುಗಳನ್ನು ಬಂಧಿಸಿದರು. ಹೊರಗಿನಿಂದ ನೋಡಿದರೆ ಎಲ್ಲಾ ಸರಿಯಾಗೇ ಇತ್ತು: ಸೀಸೆ, ಚೀಟಿ, ಸೀಲು. 1959ರ ನಿಯಮ ಡಾಕ್ಟರ ಸೀಲನ್ನು ನಂಬುತ್ತದೆ. ಸೀಲು ಒತ್ತುವ ಕೈಯೇ ತಪ್ಪಿದರೆ ಹಿಡಿಯುವ ದಾರಿ ಅದರಲ್ಲಿಲ್ಲ.

ಹಿಡಿದದ್ದು ಬೇರೆ ಸೀಸೆ. ಪೊಲೀಸರು ಔಂಧ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಹುಡುಗನ ರಕ್ತವನ್ನು ಇನ್ನೊಮ್ಮೆ ತೆಗೆಸಿದ್ದರು. ಡಿಎನ್ಎ ನೋಡಿದಾಗ ಔಂಧ್‌ನದು ತಂದೆಯ ಡಿಎನ್ಎಗೆ ಹೊಂದಿತು, ಸಸೂನ್‌ನದು ಹೊಂದಲಿಲ್ಲ.

ಮುಂದೊಮ್ಮೆ ಸಿಕ್ಕಾಗ ಇದನ್ನೆಲ್ಲ ಹೇಳಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಎಲ್ಲರದ್ದೂ ಎರಡು ಕಡೆ ತೆಗೀಲಿ. ನನ್ನದೂ ತೆಗೀಲಿ" ಅಂದರು.